ಸೈಲೆನ್ಸರ್ ಬದಲಿಸಿದ ಮೇಲೆ ಬೈಕ್ ಜರ್ಕ್ ಹೊಡೆಯುತ್ತಿದೆ, ಸೆನ್ಸರ್ ಕಿತ್ತರೆ ಸರಿಹೋಗುತ್ತಾ?

ಪ್ರಶ್ನೆ: ಸರ್, ನಮ್ಮದು ಚಿಕ್ಕಮಗಳೂರಿನ ಆಲ್ದೂರು ಹತ್ತಿರ. ನನ್ನದು 2021ರ 350 ಸಿಸಿ ಬೈಕು, ಬಿಎಸ್6. ಎರಡು ತಿಂಗಳ ಹಿಂದೆ ಬೇರೆ ಸೈಲೆನ್ಸರ್ ಹಾಕಿಸಿದೆ. ಆಗಿನಿಂದ ಊರೊಳಗೆ ನಿಧಾನಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತೆ. ಇಳಿಜಾರಲ್ಲಿ ಎಕ್ಸಲೇಟರ್ ಬಿಟ್ಟರೆ ಪಟಾಕಿ ಥರ ಟಪ್ ಟಪ್ ಅನ್ನುತ್ತೆ. ಮೈಲೇಜೂ ಬಿದ್ದಿದೆ. ಒಬ್ಬರು ಆಕ್ಸಿಜನ್ ಸೆನ್ಸರ್ ಕಿತ್ತು ಹಾಕು ಅಂದರು. ಇನ್ನೊಬ್ಬರು ಟೆಂಪರೇಚರ್ ಸೆನ್ಸರ್‌ಗೆ ಸಿಕ್ಕಿಸೋ ಒಂದು ಸಣ್ಣ ಪ್ಲಗ್ ಸಿಗುತ್ತೆ, ಹಾಕಿದರೆ ಬೆಣ್ಣೆ ಥರ ಓಡುತ್ತೆ ಅಂದರು. ಯಾವುದು ಮಾಡಿಸಲಿ? ಹಳೇ ಸೈಲೆನ್ಸರ್ ಅಟ್ಟದ ಮೇಲಿದೆ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಒಂದು ಊದುಬತ್ತಿ ತಗೊಳ್ಳಿ.

ತಮಾಷೆ ಅಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಬೈಕನ್ನು ಬಯಲಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಬೆಂಡ್ ಪೈಪು ಎಂಜಿನ್ನಿಗೆ ಸೇರುವ ಜಾಗ, ಆಮೇಲೆ ಅದು ಸೈಲೆನ್ಸರ್ ಒಳಗೆ ಹೋಗುವ ಜಾಗ, ಈ ಎರಡರ ಹತ್ತಿರ ಊದುಬತ್ತಿ ಹಿಡಿಯಿರಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾತ್ರ ಈ ಕೆಲಸ ಬೇಡ. ಆಗ ಸೋಪಿನ ನೀರು ಚಿಮುಕಿಸಿ ಗುಳ್ಳೆ ನೋಡಿದರೆ ಸಾಕು. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ಎಂಜಿನ್ ಬಡಿತದ ಜೊತೆ ಅದೂ ಅದುರಿದರೆ, ಚದುರಿದರೆ, ಅಲ್ಲಿ ಲೀಕ್ ಇದೆ. ಜಾಯಿಂಟ್ ಸುತ್ತ ಕಪ್ಪು ಮಸಿ ಕೂತಿದ್ದರಂತೂ ಊದುಬತ್ತಿಯೂ ಬೇಕಿಲ್ಲ.

ಲೀಕ್ ಮೇಲೇ ಯಾಕೆ ಅನುಮಾನ ಅಂದರೆ, ನೀವು ಕೊನೆಗೆ ಹೇಳಿದ ಮಾತಿನಿಂದ. ಮೈಲೇಜೂ ಬಿದ್ದಿದೆ ಅಂದಿರಿ. ಹೊಸ ಪೈಪಿನಿಂದ ಬರೀ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಹೋಗಿದ್ದರೆ ಜರ್ಕ್ ಬರಬಹುದಿತ್ತು, ಆದರೆ ಪೆಟ್ರೋಲ್ ಇಷ್ಟು ಕುಡಿಯುತ್ತಿರಲಿಲ್ಲ. ಜರ್ಕು, ಟಪ್ ಟಪ್, ಪೆಟ್ರೋಲ್ ಖರ್ಚು ಮೂರೂ ಒಟ್ಟಿಗೆ ಬಂದಿವೆ. ಮೂರಕ್ಕೂ ಒಂದೇ ಮೂಲ ಇರುವ ಸಾಧ್ಯತೆ ಜಾಸ್ತಿ.

ಆಕ್ಸಿಜನ್ ಸೆನ್ಸರ್ ಮಾಡುವ ಕೆಲಸ ಏನು ಅಂತ ತಿಳಿದರೆ ಇದು ಅರ್ಥವಾಗುತ್ತದೆ. ಅದು ಬೆಂಡ್ ಪೈಪಿನಲ್ಲಿ ಕೂತು, ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅಂತ ನೋಡುತ್ತದೆ. ಉಳಿದಿದ್ದರೆ ಸುಮಾರು 0.1 ವೋಲ್ಟ್, ಉಳಿಯದಿದ್ದರೆ ಸುಮಾರು 0.9 ವೋಲ್ಟ್. ಪೆಟ್ರೋಲ್ ಅಳತೆ ನಿರ್ಧರಿಸುವ ಬೈಕಿನ ಕಂಪ್ಯೂಟರ್, ಅಂದರೆ ಇಸಿಯುಗೆ ಅಷ್ಟೇ ಸುದ್ದಿ. ಗಾಳಿ ಉಳಿದಿದೆ ಅಂದರೆ ಪೆಟ್ರೋಲ್ ಕಡಿಮೆಯಾಯಿತು, ಒಂದು ಚೂರು ಹೆಚ್ಚಿಸು. ಉಳಿದಿಲ್ಲ ಅಂದರೆ ಜಾಸ್ತಿಯಾಯಿತು, ಇಳಿಸು. ಹೀಗೆ ಹಾಕುತ್ತಾ ತೆಗೆಯುತ್ತಾ 1 ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಅನ್ನುವ ಲೆಕ್ಕದ ಸುತ್ತಮುತ್ತ ಓಡಾಡುತ್ತಿರುತ್ತದೆ. ಸೈಲೆನ್ಸರ್ ಒಳಗೋ ಪೈಪಿನ ಒಳಗೋ ಇರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವುದು ಈ ಲೆಕ್ಕದಲ್ಲೇ.

ಈಗ ಬೆಂಡ್ ಪೈಪಿನ ಬುಡದಲ್ಲಿ ಕೂದಲೆಳೆಯಷ್ಟು ಸಂದು ಇದೆ ಅಂದುಕೊಳ್ಳಿ. ಹೊಗೆ ಹೊರಗೆ ಬರುತ್ತದೆ ಅಷ್ಟೇ ತಾನೇ ಅನಿಸುತ್ತದೆ. ಅಲ್ಲ, ಗಾಳಿ ಒಳಗೂ ಹೋಗುತ್ತದೆ. ಒಂಟಿ ಸಿಲಿಂಡರ್ ಎಂಜಿನ್ನಿನ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಒಂದು ಹೊಡೆತ, ಒಂದು ಖಾಲಿ. ಹೊಡೆತದ ಹಿಂದೆಯೇ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಬೀಳುತ್ತದೆ, ಆ ಕ್ಷಣದಲ್ಲಿ ಸಂದಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್‌ಗೆ ಈ ಗಾಳಿ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಗಾಳಿ ಉಳಿದಿದೆ ಅಂತ ಹೇಳುತ್ತದೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ನಿಧಾನದಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಎಕ್ಸಲೇಟರ್ ಬಿಟ್ಟಾಗ ಸುಡದೆ ಉಳಿದ ಪೆಟ್ರೋಲ್ ಆವಿಗೆ ಆ ಸಂದಿನ ಗಾಳಿ ಸಿಕ್ಕಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಅದೇ ನಿಮ್ಮ ಪಟಾಕಿ.

ಇನ್ನೊಂದು ಸುಳಿವು. ಸೆನ್ಸರ್ ಮಾತು ಶುರುಮಾಡುವುದು ಅದು 300 ಡಿಗ್ರಿಯಷ್ಟು ಕಾದ ಮೇಲೆ. ಅಲ್ಲಿಯವರೆಗೆ ಇಸಿಯು ಅದನ್ನು ಕೇಳುವುದೇ ಇಲ್ಲ. ಸ್ಟಾರ್ಟ್ ಮಾಡಿದ ಮೊದಲಲ್ಲಿ ಬೈಕ್ ಚೆನ್ನಾಗಿ ಓಡಿ, ಸ್ವಲ್ಪ ಕಾದ ಮೇಲೆ ಕಿರಿಕಿರಿ ಶುರುವಾದರೆ ಲೀಕ್ ಮೇಲಿನ ಅನುಮಾನ ಇನ್ನೂ ಗಟ್ಟಿ.

ಸೈಲೆನ್ಸರ್ ಬದಲಿಸುವಾಗ ಬೆಂಡ್ ಪೈಪನ್ನೂ ಅಲ್ಲಾಡಿಸಿರುತ್ತಾರೆ. ಎಂಜಿನ್ ಬುಡದಲ್ಲಿ ಒಂದು ಉಂಗುರದಂಥ ಪ್ಯಾಕಿಂಗ್ ಇರುತ್ತದೆ. ಒಮ್ಮೆ ಅದುಮಿ ಕೂತರೆ ಅದರ ಆಯುಸ್ಸು ಮುಗಿಯಿತು. ಬಿಚ್ಚಿದಾಗ ಹೊಸದು ಹಾಕಬೇಕು. ಹಳೇದನ್ನೇ ಕೂರಿಸಿ ನಟ್ಟು ಬಿಗಿದುಬಿಡುವವರೇ ಜಾಸ್ತಿ. ಸಂದು ಮುಚ್ಚಲು ಸಿಲಿಕೋನ್ ಪೇಸ್ಟ್ ಮೆತ್ತುವವರೂ ಇದ್ದಾರೆ. ಅದನ್ನಂತೂ ದಯವಿಟ್ಟು ಮಾಡಿಸಬೇಡಿ. ಸಾಮಾನ್ಯ ಸಿಲಿಕೋನ್ ಪೇಸ್ಟ್ ಬಿಸಿಗೆ ಬಿಡುವ ಆವಿ ಆಕ್ಸಿಜನ್ ಸೆನ್ಸರ್‌ಗೆ ವಿಷ.

ಟೆಂಪರೇಚರ್ ಪ್ಲಗ್ಗಿನ ವಿಷಯಕ್ಕೆ ಬರೋಣ. ಅದನ್ನು ನಾನೂ ಹಾಕಿದ್ದೆ, ಹಾಗಾಗಿ ಬೈಯುವ ಹಕ್ಕಿದೆ ಅಂದುಕೊಂಡಿದ್ದೇನೆ.

ಅದರೊಳಗೆ ದೊಡ್ಡ ವಿದ್ಯೆ ಏನಿಲ್ಲ. ಒಳಗೆ ಬರುವ ಗಾಳಿಯ ಬಿಸಿ ಅಳೆಯುವ ಸೆನ್ಸರ್, ಗಾಳಿ ತಣ್ಣಗಾದಂತೆ ತನ್ನ ರೆಸಿಸ್ಟೆನ್ಸ್ ಏರಿಸುತ್ತದೆ. ಮಧ್ಯೆ ಇನ್ನೊಂದಿಷ್ಟು ರೆಸಿಸ್ಟೆನ್ಸ್ ಸೇರಿಸಿದರೆ ಇಸಿಯುಗೆ ಗಾಳಿ ಇರುವುದಕ್ಕಿಂತ ತಣ್ಣಗಿದೆ ಅನಿಸುತ್ತದೆ. ತಣ್ಣನೆ ಗಾಳಿ ದಟ್ಟ, ಪೆಟ್ರೋಲ್ ಜಾಸ್ತಿ ಬೇಕು. 25 ಡಿಗ್ರಿಯನ್ನು 5 ಡಿಗ್ರಿ ಅಂತ ನಂಬಿಸಿದರೆ ಸುಮಾರು ಶೇ 7ರಷ್ಟು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಇದರಲ್ಲಿ ಒಂದು ನಿಜವೂ ಇದೆ. ಒಂಟಿ ಸಿಲಿಂಡರ್ ಎಂಜಿನ್ ಸಣ್ಣ ಎಕ್ಸಲೇಟರ್‌ನಲ್ಲಿ 14.7ರ ಲೆಕ್ಕದಲ್ಲಿ ಅಷ್ಟು ಸಲೀಸಾಗಿ ಓಡುವುದಿಲ್ಲ. ಒಂದು ಸಲ ಚೆನ್ನಾಗಿ ಉರಿಯುತ್ತದೆ, ಇನ್ನೊಂದು ಸಲ ಅರೆಬರೆ. 13ರ ಆಸುಪಾಸಿಗೆ ತಂದರೆ ಅದೇ ಎಂಜಿನ್ ನಯವಾಗುತ್ತದೆ. ಪ್ಲಗ್ ಮಾರುವವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ.

ಆಕ್ಸಿಜನ್ ಸೆನ್ಸರ್ ಇಲ್ಲದ ಹಳೆಯ ಇಂಜೆಕ್ಷನ್ ಬೈಕಿನಲ್ಲಿ ಈ ಉಪಾಯ ನಡೆಯುತ್ತದೆ. ನಿಮ್ಮದರಲ್ಲಿ ಆ ಶೇ 7 ಪೆಟ್ರೋಲನ್ನು ಆಕ್ಸಿಜನ್ ಸೆನ್ಸರ್ ಹಿಡಿದುಬಿಡುತ್ತದೆ. ಜಾಸ್ತಿಯಾಯಿತು ಅನ್ನುತ್ತದೆ, ಇಸಿಯು ಇಳಿಸುತ್ತದೆ. ನನ್ನ ಬೈಕ್ ಮೊದಲ ವಾರ ನಿಜಕ್ಕೂ ಬೆಣ್ಣೆಯಂತೆ ಓಡಿತು. ಚಿಕ್ಕಮಗಳೂರಿನ ಐಜಿ ರಸ್ತೆಯ ಟ್ರಾಫಿಕ್ಕಿನಲ್ಲಿ ಮೂರನೇ ಗೇರಿನಲ್ಲೇ ಎಳೆಯಿತು, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಮೂರನೇ ವಾರಕ್ಕೆ ಮತ್ತೆ ಮೊದಲಿನ ಥರ. ಇಸಿಯು ಅಷ್ಟರಲ್ಲಿ ಕಲಿತುಕೊಂಡಿತ್ತು. ಡಿಸೆಂಬರ್ ಚಳಿಗೆ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್ ಬೇರೆ ಶುರುವಾಯಿತು. ಗ್ಯಾರೇಜಿನ ಅಣ್ಣ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟು, "ಇದೇನ್ ಸಾರ್, ಇದ್ದಿಲಾಗಿದೆ" ಅಂದರು. ಆ ಟೆಂಪರೇಚರ್ ಪ್ಲಗ್ ಈಗ ನನ್ನ ಟೂಲ್ ಡಬ್ಬಿಯಲ್ಲಿದೆ. ಯಾರಾದರೂ ಕೇಳಿದರೆ ಕೊಡುವುದಿಲ್ಲ, ತೋರಿಸುತ್ತೇನೆ.

ಹಾಗಾದರೆ ಆಕ್ಸಿಜನ್ ಸೆನ್ಸರನ್ನೇ ಕಿತ್ತರೆ? ಕನೆಕ್ಟರ್ ಬಿಚ್ಚಿದ ತಕ್ಷಣ ಎಂಜಿನ್ ಲೈಟ್ ಹತ್ತುತ್ತದೆ. ಲೈಟ್ ಹತ್ತದಂತೆ ನೋಡಿಕೊಳ್ಳಲು ಅದರ ಜಾಗಕ್ಕೆ ಸಿಕ್ಕಿಸುವ ಸಣ್ಣ ಡಬ್ಬಿಯೂ ಮಾರಾಟಕ್ಕಿದೆ. ಆಗ ಇಸಿಯು ಕಾರ್ಖಾನೆಯಲ್ಲಿ ಬರೆದುಕೊಟ್ಟ ಪಟ್ಟಿ ನೋಡಿಕೊಂಡೇ ಪೆಟ್ರೋಲ್ ಹಾಕುತ್ತದೆ. ಆ ಪಟ್ಟಿ ಸ್ವಲ್ಪ ಧಾರಾಳವಾಗಿದ್ದರೆ ಬೈಕ್ ನಯವಾಗುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಅದು ಬರೆದಿರುವುದು ನಿಮ್ಮ ಹಳೇ ಸೈಲೆನ್ಸರ್‌ಗೆ. ಹೊಸದಕ್ಕೆ ಹೊಂದಿಸಿಕೊಳ್ಳಲು ಇದ್ದ ಒಂದು ಕಣ್ಣನ್ನೂ ಮುಚ್ಚಿದ ಹಾಗಾಯಿತು.

ಜೊತೆಗೆ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ಗೆ ಗಾಳಿ ಕಡಿಮೆ ಸಾಕು, ಹಾಗಾಗಿ 14.7 ಇದ್ದ ಲೆಕ್ಕ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಇನ್ನಷ್ಟು ಸುರಿಯಬೇಕು. ನಿಮ್ಮ 2021ರ ಬೈಕಿಗೆ ಈ ಲೆಕ್ಕ ಸರಿಮಾಡಿ ಕೊಡುತ್ತಿರುವುದು ಅದೇ ಸೆನ್ಸರ್. ಅದನ್ನು ಕಿತ್ತರೆ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಬಿಸಿ ಏರಬಹುದು, ಜರ್ಕ್ ಇನ್ನೂ ಹೆಚ್ಚಬಹುದು. ಹತ್ತು ವರ್ಷದ ಹಿಂದೆ ಯಾರಿಗೋ ಕೆಲಸ ಮಾಡಿದ ಉಪಾಯ ಇವತ್ತಿನ ಪೆಟ್ರೋಲಿಗೆ ಹೊಂದುತ್ತೆ ಅಂತ ಇಲ್ಲ.

ನಮ್ಮೂರಲ್ಲಿ ಇನ್ನೊಂದು ಮಾತು ಕೇಳುತ್ತಿರುತ್ತೇನೆ: ಘಟ್ಟದ ಗಾಳಿಗೆ ಬೇರೆ ಟ್ಯೂನಿಂಗ್ ಬೇಕು ಅಂತ. ಕಾರ್ಬೊರೇಟರ್ ಕಾಲದಲ್ಲಿ ನಿಜ. ಮಂಗಳೂರಿನಲ್ಲಿ ಸೆಟ್ ಮಾಡಿದ ಬೈಕ್ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸುವಷ್ಟರಲ್ಲಿ ಮುಕ್ಕರಿಯಲು ಶುರುಮಾಡುತ್ತಿತ್ತು. ಇಂಜೆಕ್ಷನ್ ಬೈಕುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಅದು ಎತ್ತರಕ್ಕೆ ತಕ್ಕಂತೆ ಪೆಟ್ರೋಲ್ ಇಳಿಸುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 80ರಷ್ಟು ಮಾತ್ರ. ಕೈಮರ ದಾಟಿ ಮೇಲೆ ಹೋದಂತೆ ಬೈಕ್ ಎಳೆಯಲ್ಲ ಅನಿಸಿದರೆ ಅದು ರೋಗ ಅಲ್ಲ. ಯಾವ ಪ್ಲಗ್ಗೂ ಅದನ್ನು ವಾಪಸ್ ತಂದುಕೊಡುವುದಿಲ್ಲ. ಗೇರ್ ಇಳಿಸಿ.

ಊದುಬತ್ತಿಯಲ್ಲಿ ಏನೂ ಸಿಗಲಿಲ್ಲ ಅಂದರೆ? ಸೈಲೆನ್ಸರ್ ಬಿಟ್ಟು ಬೇರೆ ಕಡೆ ನೋಡಿ. ಚೈನ್ ಸಡಿಲ ಇದ್ದರೆ ನಿಧಾನದಲ್ಲಿ ಬರುವ ಜರ್ಕ್ ಥೇಟ್ ಎಂಜಿನ್ ಜರ್ಕಿನ ಹಾಗೇ ಇರುತ್ತದೆ, ಎಷ್ಟೋ ಜನ ಇದರಲ್ಲಿ ಮೋಸ ಹೋಗುತ್ತಾರೆ. ಎಸ್ಟೇಟ್ ರಸ್ತೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕೂತಿರುತ್ತದೆ. ಇವೆಲ್ಲ ಒಂದು ಸರ್ವಿಸಿನ ಕೆಲಸ.

ಮಲೆನಾಡಿನವರು ಮರೆಯಬಾರದ್ದು ನೀರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸುತ್ತ ಬಿದ್ದ ಮಳೆ ನೀರು ಇಳಿದುಹೋಗಲು ಸಣ್ಣ ತೂತು ಇರುತ್ತದೆ. ಅದು ಧೂಳು ಸೇರಿ ಮುಚ್ಚಿಕೊಂಡರೆ ನೀರು ಅಲ್ಲೇ ನಿಂತು ಒಳಗೆ ಜಿನುಗುತ್ತದೆ. ಎಥೆನಾಲ್ ಆ ನೀರನ್ನು ಸ್ವಲ್ಪ ಮಟ್ಟಿಗೆ ಕುಡಿದುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಇರುವುದೂ ತಳದಲ್ಲೇ. ಆಷಾಢದ ಮಳೆಯಲ್ಲಿ ಹೊರಗೆ ನಿಂತ ಬೈಕ್ ಮಿಸ್ಸಿಂಗ್ ಹೊಡೆದರೆ, ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆಸಿ ಅಲ್ಲಾಡಿಸದೆ ಇಟ್ಟು ನೋಡಿ. ಎರಡು ಪದರ ಕಂಡರೆ ಉತ್ತರ ಸಿಕ್ಕಿತು.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2)ರಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ 3 ತಿಂಗಳು ಹೋಗುತ್ತದೆ. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ರಾಜ್ಯದ ಹಲವು ಊರುಗಳಿಂದ ಬಂದಿದೆ, ನೀವೂ ನೋಡಿರುತ್ತೀರಿ. ನಿಮ್ಮ ಹೊಸ ಸೈಲೆನ್ಸರ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ಅಂತ ಒಮ್ಮೆ ಕೇಳಿ. ಹಳೇದರೊಳಗೇ ಅದು ಇದ್ದು ಹೊಸದರಲ್ಲಿ ಇಲ್ಲದಿದ್ದರೆ, ಬೈಕ್ ಎಷ್ಟೇ ನಯವಾಗಿ ಓಡಿದರೂ ಅದು ಬಿಎಸ್6 ಬೈಕಾಗಿ ಉಳಿದಿಲ್ಲ. ಇನ್ನು 2023ರ ಏಪ್ರಿಲ್ ನಂತರದ ಬೈಕುಗಳು ಹೊಗೆಗೆ ಸಂಬಂಧಿಸಿದ ಭಾಗಗಳ ಮೇಲೆ ತಾವೇ ಇನ್ನೂ ಹೆಚ್ಚು ನಿಗಾ ಇಡುತ್ತವೆ. ಅವುಗಳಲ್ಲಿ ಇಂಥ ಆಟ ಇನ್ನೂ ಕಷ್ಟ.

ನಮ್ಮ ಜಿಲ್ಲೆಯಲ್ಲಿ ರ್‍ಯಾಲಿ ನೋಡಿದವರಿಗೆ ಒಂದು ಪ್ರಶ್ನೆ ಬರುತ್ತದೆ: ಅವರೆಲ್ಲ ಬದಲಿಸುತ್ತಾರಲ್ಲ? ಬದಲಿಸುತ್ತಾರೆ, ಆದರೆ ಪೈಪ್ ಹಾಕಿ ಸೆನ್ಸರ್‌ಗೆ ಸುಳ್ಳು ಹೇಳಿ ಬಿಡುವುದಿಲ್ಲ. ಗಾಳಿ ಪೆಟ್ರೋಲಿನ ಅಳತೆಯನ್ನು ನಿಖರವಾಗಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಡೈನೋ ಮೇಲೆ, ಅಂದರೆ ಎಂಜಿನ್ ಶಕ್ತಿ ಅಳೆಯುವ ಯಂತ್ರದ ಮೇಲೆ ಓಡಿಸಿ, ಇಸಿಯುವಿನ ಪಟ್ಟಿಯ ಒಂದೊಂದೇ ಅಂಕಿಯನ್ನು ತಿದ್ದುತ್ತಾರೆ. ಅದಕ್ಕೆ ಸೈಲೆನ್ಸರ್‌ಗಿಂತ ಜಾಸ್ತಿ ಖರ್ಚು. ಆ ಗಾಡಿ ಓಡುವುದು ಸ್ಪರ್ಧೆಗೆ, ನಿಮ್ಮ ಹಾಗೆ ದಿನಾ ಸಂತೆಗೆ ಅಲ್ಲ.

ಈಗ ನಿಮ್ಮ ಅಟ್ಟದ ವಿಷಯ. ಹಳೇ ಸೈಲೆನ್ಸರ್ ಇಳಿಸಿ, ಒಳಗೆ ಇಲಿಯೋ ಕಣಜವೋ ಗೂಡು ಕಟ್ಟಿದೆಯಾ ನೋಡಿ, ಹೊಸ ಪ್ಯಾಕಿಂಗ್ ತಂದು ಹಾಕಿಸಿ. ಎಲ್ಲಾ ನಟ್ಟುಗಳನ್ನು ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಬುಡದಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು, ಇಲ್ಲದಿದ್ದರೆ ಪೈಪು ವಾರೆಯಾಗಿ ಕೂತು ಮತ್ತೆ ಅದೇ ಲೀಕ್. ಒಂದು ವಾರ ಓಡಿಸಿ. ಜರ್ಕ್ ಹೋದರೆ ತಪ್ಪು ಪೈಪಿನದೋ ಪ್ಯಾಕಿಂಗಿನದೋ ಅನ್ನುವುದು ಇನ್ನೂ ಬಾಕಿ ಇರುತ್ತದೆ. ಹೋಗದಿದ್ದರೆ ಆ ಗಾಜಿನ ಬಾಟಲಿ, ಚೈನು, ಫಿಲ್ಟರ್. ಏನಾಯಿತು ಅಂತ ಬರೆಯಿರಿ, ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದರ ಬಣ್ಣ ಹೇಗಿತ್ತು ಅನ್ನುವುದನ್ನೂ ಸೇರಿಸಿ.