ಇನಿಟ್ ಸ್ಕ್ರಿಪ್ಟ್‌ಗಳ ಬೆನ್ನಿಗಿದ್ದ ಫಂಕ್ಷನ್ಸ್ ಫೈಲ್: ಒಂದು ಕಗ್ಗಂಟಿನ ಹಿನ್ನೆಲೆ

ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಟೀಮುಗಳಿಗೆ ಈಚೆಗೆ ಒಂದೇ ಥರದ ಕೆಲಸ ಬರುತ್ತಿದೆ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು, ಅಂದರೆ ಸರ್ವಿಸ್‌ಗಳನ್ನು, ಶುರು ಮಾಡಲು ಮತ್ತು ನಿಲ್ಲಿಸಲು ಹಿಂದೆ ಯಾವಾಗಲೋ ಯಾರೋ ಶೆಲ್‌ನಲ್ಲಿ ಬರೆದಿಟ್ಟು ಹೋದ ಇನಿಟ್ ಸ್ಕ್ರಿಪ್ಟ್‌ಗಳನ್ನು ತೆಗೆದು, ಅವುಗಳ ಜಾಗದಲ್ಲಿ ಈಗ ಅದೇ ಕೆಲಸ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮ್‌ಗೆ ಯೂನಿಟ್ ಫೈಲ್ ಬರೆಯಬೇಕು. ಅದಕ್ಕೆ ಕಾರಣ ಎರಡು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಮಾಮೂಲಿ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದಕ್ಕೂ ಮೊದಲು, 2023ರ ಜುಲೈನಲ್ಲಿ ಬಂದ ಸಿಸ್ಟಮ್‌ಡಿ 254, ಸಿಸ್ಟಮ್ ಫೈವ್ ಎಂಬ ಹಳೆಯ ಯುನಿಕ್ಸ್ ಬಗೆಯ ಈ ಇನಿಟ್ ಸ್ಕ್ರಿಪ್ಟ್‌ಗಳ ಬೆಂಬಲವನ್ನು ಮುಂದೆ ತೆಗೆದುಹಾಕಲಾಗುವುದು ಎಂದು ಹೇಳಿಬಿಟ್ಟಿತ್ತು.

ನೋಡೋಕೆ ಸಣ್ಣ ಕೆಲಸ. ಎಂಬತ್ತು ಸಾಲಿನ ಸ್ಕ್ರಿಪ್ಟ್ ಹೋಗಿ ಹನ್ನೆರಡು ಸಾಲಿನ ಫೈಲ್ ಬರುತ್ತದೆ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಸ್ಕ್ರಿಪ್ಟ್ ತೆರೆದ ಕೂಡಲೇ ಮೇಲುಗಡೆ ಒಂದು ಸಾಲು ಕಾಣುತ್ತದೆ. ಮೊದಲು ಒಂದು ಚುಕ್ಕಿ, ಅದರ ಪಕ್ಕ /ಇಟಿಸಿ/ಇನಿಟ್.ಡಿ/ಫಂಕ್ಷನ್ಸ್, ಅಂದರೆ ಆ ಫೈಲ್‌ನಲ್ಲಿರುವುದನ್ನೆಲ್ಲ ಇಲ್ಲಿಗೆ ತಂದುಕೋ ಎಂದು. ಕೆಳಗೆ ಡೀಮನ್, ಕಿಲ್‌ಪ್ರೋಕ್, ಸ್ಟೇಟಸ್ ಎಂಬ ಕಮಾಂಡ್‌ಗಳು. ಇವು ಏನು ಮಾಡುತ್ತವೆ ಅನ್ನೋದು ಸ್ಕ್ರಿಪ್ಟ್‌ನಲ್ಲಿ ಎಲ್ಲೂ ಇಲ್ಲ. ಹೊಸದಾಗಿ ಸೇರಿದ ಹುಡುಗಿಯೋ ಹುಡುಗನೋ ಕೈಪಿಡಿ ನೋಡಲು ಮ್ಯಾನ್ ಡೀಮನ್ ಎಂದು ಟೈಪ್ ಮಾಡಿದರೆ ಸಿ ಲೈಬ್ರರಿಯ ಬೇರೆಯದೇ ಫಂಕ್ಷನ್ ಎದುರಿಗೆ ಬರುತ್ತದೆ. ಅಸಲಿ ಸಂಗತಿ ಎಲ್ಲ ಆ ಫಂಕ್ಷನ್ಸ್ ಫೈಲ್‌ನಲ್ಲಿದೆ. ಅದನ್ನು ಓದದೆ ಸ್ಕ್ರಿಪ್ಟ್ ಬದಲಾಯಿಸಲು ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೊದಲಿನ ಯುನಿಕ್ಸ್‌ಗಳಲ್ಲಿ ಮಷಿನ್ ಎದ್ದಾಗ ನಡೆಯುತ್ತಿದ್ದದ್ದು ಆರ್‌ಸಿ ಎಂಬ ಒಂದೇ ಸ್ಕ್ರಿಪ್ಟ್. 1980ರ ದಶಕದಲ್ಲಿ ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಅದನ್ನು ಒಡೆದು, ಸರ್ವಿಸ್‌ಗೊಂದು ಸ್ಕ್ರಿಪ್ಟ್ ಇಟ್ಟಿತು. ರನ್‌ಲೆವೆಲ್‌ಗೊಂದು (ಮಷಿನ್ ಯಾವ ಸ್ಥಿತಿಯಲ್ಲಿ ಓಡಬೇಕೋ ಆ ಸ್ಥಿತಿಗೊಂದು) ಡೈರೆಕ್ಟರಿ, ಒಳಗೆ ಎಸ್ ಮತ್ತು ಕೆ ಅಕ್ಷರದಿಂದ ಶುರುವಾಗುವ ಲಿಂಕ್‌ಗಳು. ಎಸ್ ಅಂದರೆ ಶುರು ಮಾಡು, ಕೆ ಅಂದರೆ ನಿಲ್ಲಿಸು. ರೆಡ್ ಹ್ಯಾಟ್, ಡೆಬಿಯನ್ ಥರದ ಲಿನಕ್ಸ್ ಹಂಚಿಕೆಗಳಲ್ಲಿ ಬಹುಪಾಲು ಈ ದಾರಿಯನ್ನೇ ಹಿಡಿದವು.

ಒಡೆದಿದ್ದರಿಂದ ಅನುಕೂಲವಾಯಿತು. ಒಂದು ಸರ್ವಿಸ್ ಮುಟ್ಟಿದರೆ ಇನ್ನೊಂದು ಕೆಡುತ್ತಿರಲಿಲ್ಲ. ಆದರೆ ಪ್ರತಿ ಸ್ಕ್ರಿಪ್ಟ್‌ನಲ್ಲೂ ಅದೇ ನಾಲ್ಕು ಕೆಲಸ. ಈಗಾಗಲೇ ಓಡುತ್ತಿದೆಯಾ ನೋಡು. ಇಲ್ಲದಿದ್ದರೆ ಶುರು ಮಾಡು. ನಿಲ್ಲಿಸು ಅಂದಾಗ ಸರಿಯಾದ ಪ್ರೋಸೆಸ್ಸನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಹುಡುಕಿ ಸಿಗ್ನಲ್ ಕಳಿಸು. ಸ್ಥಿತಿ ಕೇಳಿದರೆ ಹೇಳು. ಇವನ್ನು ಎಲ್ಲರೂ ತಮಗೆ ತೋಚಿದಂತೆ ಬರೆಯೋದಕ್ಕಿಂತ ಒಂದು ಕಡೆ ಫಂಕ್ಷನ್‌ಗಳಾಗಿ ಬರೆದಿಡೋಣ ಎಂಬ ಯೋಚನೆ ಸಹಜವಾಗಿಯೇ ಬಂತು. ತೊಂದರೆ ಏನಾಯಿತೆಂದರೆ, ಅದು ಎಲ್ಲರಿಗೂ ಬೇರೆ ಬೇರೆಯಾಗಿ ಬಂತು. ರೆಡ್ ಹ್ಯಾಟ್‌ನದು ಫಂಕ್ಷನ್ಸ್ ಫೈಲ್. ಡೆಬಿಯನ್‌ನದು ಸ್ಟಾರ್ಟ್-ಸ್ಟಾಪ್-ಡೀಮನ್ ಎಂಬ ಪ್ರತ್ಯೇಕ ಪ್ರೋಗ್ರಾಮ್. ಮೊದಲು ಪರ್ಲ್‌ನಲ್ಲಿದ್ದದ್ದು, ಬೂಟ್ ಆಗುವಾಗ ಪದೇ ಪದೇ ಓಡಬೇಕಾದ್ದರಿಂದ ಸಿ ಭಾಷೆಗೆ ಬಂತು. ಸುಸೆಯಲ್ಲಿ ಸ್ಟಾರ್ಟ್‌ಪ್ರೋಕ್, ಆರ್‌ಸಿ_ಸ್ಟೇಟಸ್. ಜೆಂಟೂದಲ್ಲಿ ಈಬಿಗಿನ್, ಈಎಂಡ್. ಎತ್ತು ಏರಿಗೆ, ಕೋಣ ನೀರಿಗೆ.

ಬೆಂಗಳೂರಿನಲ್ಲಿ ಹೆಚ್ಚಿನವರ ಕೈಗೆ ಬಂದದ್ದು ರೆಡ್ ಹ್ಯಾಟ್ ಬಗೆಯದು. ಎಸ್‌.ಪಿ. ರೋಡ್‌ನಲ್ಲಿ ಜೋಡಿಸಿದ ಮಷಿನ್‌ಗೆ ಕಂಪ್ಯೂಟರ್ ಮ್ಯಾಗಜಿನ್ ಜತೆ ಬಂದ ಸಿಡಿ ಹಾಕಿ ಲಿನಕ್ಸ್ ಕಲಿತ ಒಂದು ತಲೆಮಾರೇ ಇಲ್ಲಿದೆ. 2001ರಲ್ಲಿ ಶುರುವಾಗಿ ಆಮೇಲೆ ಫಾಸ್.ಇನ್ ಎಂದು ಹೆಸರು ಬದಲಿಸಿಕೊಂಡ ಲಿನಕ್ಸ್ ಬೆಂಗಳೂರು ಸಮಾವೇಶಕ್ಕೆ ಹೋದವರಲ್ಲಿ ಅನೇಕರು ಇವರೇ. ಮುಂದೆ ಬ್ಯಾಂಕು, ಟೆಲಿಕಾಂ ಸರ್ವರ್‌ಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ಕೆಲಸ ಜಾಸ್ತಿಯಾದಾಗ, ರೆಡ್ ಹ್ಯಾಟ್ ಮತ್ತು ಸೆಂಟ್‌ಓಎಸ್ ಜತೆ ಆ ಫಂಕ್ಷನ್ಸ್ ಫೈಲೂ ದಿನನಿತ್ಯದ ಸಂಗಾತಿಯಾಯಿತು. ಹಾಗಾಗಿ ಅದರೊಳಗೆ ಏನಿತ್ತು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ಬೂಟ್ ಆಗುವಾಗ ಬಲಗಡೆ ಒಂದರ ಕೆಳಗೊಂದು ಹಸಿರು ಓಕೆ ಬೀಳುತ್ತಿತ್ತಲ್ಲ, ಅದು ಸಕ್ಸೆಸ್ ಎಂಬ ಫಂಕ್ಷನ್‌ನ ಕೆಲಸ. ಕರ್ಸರ್ ಅನ್ನು 60ನೇ ಕಾಲಂಗೆ ಒಯ್ದು ಬಣ್ಣ ಬದಲಿಸಿ ಬರೆಯುತ್ತಿತ್ತು. ಆದರೆ ಆ ಓಕೆ ಯಾವುದಕ್ಕೆ? ಡೀಮನ್ ಫಂಕ್ಷನ್ ಪ್ರೋಗ್ರಾಮನ್ನು ಓಡಿಸಿ, ಅದು ಮುಗಿಯುವಾಗ ಎಲ್ಲ ಸರಿ ಎಂಬ ಅರ್ಥದ ಸೊನ್ನೆ ಎಕ್ಸಿಟ್ ಕೋಡ್ ಕೊಟ್ಟರೆ ಓಕೆ ಎನ್ನುತ್ತಿತ್ತು. ಇಂಥ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಒಂದು ಮಗು ಪ್ರೋಸೆಸ್ ಹುಟ್ಟಿಸಿ ತಾವು ಹೊರಟುಬಿಡುತ್ತವೆ. ಹೊರಟ ತಾಯಿ ಕೊಟ್ಟ ಸೊನ್ನೆಯನ್ನು ಶೆಲ್ ನೋಡಿತು, ಹಸಿರು ಬಂತು. ಎರಡು ಸೆಕೆಂಡ್ ಬಿಟ್ಟು ಮಗು ಸತ್ತರೂ ಸ್ಕ್ರೀನ್ ಮೇಲಿನ ಹಸಿರು ಹಾಗೇ ಇರುತ್ತಿತ್ತು.

ಇನ್ನೊಂದು, ಇಲ್ಲಿನ ಸಿ ಪ್ರೋಗ್ರಾಮರ್‌ಗಳನ್ನು ಚೆನ್ನಾಗಿ ಕಾಡಿದ್ದು. ಟರ್ಮಿನಲ್‌ನಿಂದ ಓಡಿಸಿ ಕ್ರ್ಯಾಶ್ ಮಾಡಿದರೆ ಕೋರ್ ಫೈಲ್ (ಆ ಗಳಿಗೆಯ ಮೆಮೊರಿಯ ಪ್ರತಿ) ಬೀಳುತ್ತದೆ. ಅದೇ ಪ್ರೋಗ್ರಾಮ್ ಸರ್ವಿಸ್ ಆಗಿ ಓಡುವಾಗ ಕ್ರ್ಯಾಶ್ ಆದರೆ ಏನೂ ಬೀಳುವುದಿಲ್ಲ. ಕಾರಣ ಡೀಮನ್ ಫಂಕ್ಷನ್‌ನಲ್ಲೇ ಇತ್ತು. ಅದು ಪ್ರೋಗ್ರಾಮ್ ಓಡಿಸುವ ಮೊದಲು ಕೋರ್ ಫೈಲ್ ಗಾತ್ರದ ಮಿತಿಯನ್ನು ಸೊನ್ನೆ ಮಾಡುತ್ತಿತ್ತು. ಬೇಕಿದ್ದರೆ ಡೀಮನ್_ಕೋರ್‌ಫೈಲ್_ಲಿಮಿಟ್ ಎಂಬ ವೇರಿಯಬಲ್ ಇಡಬೇಕು. ಗೊತ್ತಿದ್ದವರಿಗೆ ಒಂದು ಸಾಲಿನ ಕೆಲಸ, ಗೊತ್ತಿಲ್ಲದವರಿಗೆ ವಾರಗಟ್ಟಲೆ ಹುಡುಕಾಟ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಲಾಕ್ ಫೈಲ್. ರೆಡ್ ಹ್ಯಾಟ್ ಪದ್ಧತಿಯಲ್ಲಿ ಸರ್ವಿಸ್ ಶುರುವಾದ ಮೇಲೆ ಅದರ ಸ್ಕ್ರಿಪ್ಟ್ /ವಾರ್/ಲಾಕ್/ಸಬ್‌ಸಿಸ್ ಡೈರೆಕ್ಟರಿಯಲ್ಲಿ ಒಂದು ಖಾಲಿ ಫೈಲ್ ಇಡಬೇಕು. ಮಷಿನ್ ನಿಲ್ಲಿಸುವಾಗ ಆರ್‌ಸಿ ಸ್ಕ್ರಿಪ್ಟ್ ಒಂದೊಂದೇ ಕೆ ಲಿಂಕ್ ನೋಡುತ್ತದೆ. ಲಿಂಕ್‌ನ ಹೆಸರಿನಿಂದ ಕೆ ಮತ್ತು ಎರಡು ಅಂಕಿ ತೆಗೆದು, ಉಳಿದ ಹೆಸರಿನ ಲಾಕ್ ಫೈಲ್ ಇದೆಯಾ ಎಂದು ನೋಡುತ್ತದೆ. ಇಲ್ಲದಿದ್ದರೆ ಆ ಸರ್ವಿಸ್ ಓಡುತ್ತಿಲ್ಲ ಎಂದುಕೊಂಡು ಮುಂದಕ್ಕೆ ಹೋಗುತ್ತದೆ. ಸ್ಟಾಪ್ ಭಾಗವನ್ನು ಕರೆಯುವುದೇ ಇಲ್ಲ.

ಇದು ನಾನು ಹತ್ತಿರದಿಂದ ನೋಡಿದ್ದು. ಒಂದು ಕಂಪನಿಯ ಡೇಟಾಬೇಸ್ ಸರ್ವರ್ ಪ್ರತಿ ಸಲ ರೀಬೂಟ್ ಆದಾಗಲೂ ಮೇಲೆ ಬರಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು, ಲಾಗ್ ತುಂಬ ರಿಕವರಿ ಸಾಲುಗಳು. ಡಿಸ್ಕ್ ಮೇಲೆ ಅನುಮಾನ ಬಂತು, ಡಿಸ್ಕ್ ಬದಲಾಯಿತು. ಆಮೇಲೆ ಮೆಮೊರಿ ಮೇಲೆ ಅನುಮಾನ. ಕೊನೆಗೆ ನೋಡಿದರೆ ಸ್ಕ್ರಿಪ್ಟ್‌ನ ಹೆಸರು ಒಂದು, ಅದು ಇಡುತ್ತಿದ್ದ ಲಾಕ್ ಫೈಲ್‌ನ ಹೆಸರು ಇನ್ನೊಂದು. ಕೈಯಾರೆ ಸ್ಟಾಪ್ ಕೊಟ್ಟರೆ ಡೇಟಾಬೇಸ್ ನೀಟಾಗಿ ನಿಲ್ಲುತ್ತಿತ್ತು, ಹಾಗಾಗಿ ಟೆಸ್ಟ್ ಮಾಡಿದಾಗಲೆಲ್ಲ ಎಲ್ಲ ಸರಿ. ರೀಬೂಟ್‌ನಲ್ಲಿ ಮಾತ್ರ ಯಾರೂ ಅದಕ್ಕೆ ನಿಲ್ಲು ಅಂತ ಹೇಳುತ್ತಿರಲಿಲ್ಲ. ಕೊನೇ ಗಳಿಗೆಯಲ್ಲಿ ಉಳಿದ ಎಲ್ಲ ಪ್ರೋಸೆಸ್‌ಗಳ ಜತೆ ಅದನ್ನೂ ಕೊಲ್ಲಲಾಗುತ್ತಿತ್ತು. ಸ್ಕ್ರಿಪ್ಟ್ ಬರೆದವರನ್ನು ದೂರಿ ಪ್ರಯೋಜನವಿಲ್ಲ. ಹೆಸರು ಹೊಂದಬೇಕೆಂಬ ನಿಯಮ ಅವರು ತೆರೆದು ನೋಡಬಹುದಾದ ಫೈಲ್‌ನಲ್ಲಿರಲಿಲ್ಲ, ಆರ್‌ಸಿ ಸ್ಕ್ರಿಪ್ಟ್‌ನ ಹೊಟ್ಟೆಯೊಳಗಿತ್ತು.

ಇದೇ ಕಾಲದಲ್ಲಿ ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ಬಳಗದ ಕಡೆ ಬೇರೊಂದು ಪ್ರಯೋಗ ನಡೆಯಿತು. 2000ದ ಡಿಸೆಂಬರ್‌ನಲ್ಲಿ ಬಂದ ನೆಟ್‌ಬಿಎಸ್‌ಡಿ 1.5, ಆರ್‌ಸಿ.ಸಬರ್ ಎಂಬ ಒಂದೇ ಫೈಲ್‌ನಲ್ಲಿ ಎಲ್ಲ ಸಾಮಾನ್ಯ ಕೆಲಸವನ್ನು ಸೇರಿಸಿತು. 2003ರ ಜನವರಿಯಲ್ಲಿ ಫ್ರೀಬಿಎಸ್‌ಡಿ 5.0 ಅದನ್ನು ತೆಗೆದುಕೊಂಡಿತು. ಅಲ್ಲಿ ಸರ್ವಿಸ್ ಸ್ಕ್ರಿಪ್ಟ್ ಅಂದರೆ ಹೆಸರು, ಪ್ರೋಗ್ರಾಮ್ ಎಲ್ಲಿದೆ, ಪಿಡ್ ಫೈಲ್ (ಪ್ರೋಸೆಸ್‌ನ ನಂಬರ್ ಬರೆದಿಡುವ ಫೈಲ್) ಯಾವುದು, ಕೊನೆಗೆ ರನ್_ಆರ್‌ಸಿ_ಕಮಾಂಡ್. ಹತ್ತು ಸಾಲಿನ ಆಸುಪಾಸು. ಶುರು, ನಿಲ್ಲಿಸು, ಸ್ಥಿತಿ ಎಲ್ಲವೂ ತಾನಾಗಿ ಬರುತ್ತದೆ. ಯಾವುದರ ನಂತರ ಯಾವುದು ಎಂಬುದನ್ನು ಸ್ಕ್ರಿಪ್ಟ್‌ನ ಕಾಮೆಂಟ್ ಸಾಲುಗಳಿಂದ ಆರ್‌ಸಿಆರ್ಡರ್ ಎಂಬ ಪ್ರೋಗ್ರಾಮ್ ಓದಿ ತೀರ್ಮಾನಿಸುತ್ತದೆ. ಪಿಡ್ ಫೈಲ್‌ನಲ್ಲಿರುವ ನಂಬರಿನ ಪ್ರೋಸೆಸ್ ನಿಜಕ್ಕೂ ಆ ಹೆಸರಿನದೇನಾ ಎಂದೂ ನೋಡುತ್ತದೆ. ಶೆಲ್‌ನಲ್ಲೇ ಇಷ್ಟು ಅಚ್ಚುಕಟ್ಟಾಗಿ ಮಾಡಬಹುದಿತ್ತು ಎಂಬುದಕ್ಕೆ ಇದು ಸಾಕ್ಷಿ. ಇವತ್ತಿಗೂ ಫ್ರೀಬಿಎಸ್‌ಡಿ ಇದರ ಮೇಲೇ ಎದ್ದೇಳುತ್ತದೆ.

ಲಿನಕ್ಸ್‌ನಲ್ಲೂ ಒಗ್ಗೂಡಿಸುವ ಪ್ರಯತ್ನ ಆಯಿತು. 2001ರಲ್ಲಿ ಮೊದಲ ಆವೃತ್ತಿ ಬಂದ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್, ಮುಂದೆ ಎಲ್ಲರಿಗೂ ಒಂದೇ ಬಗೆಯ ಹೆಡರ್, ಒಂದೇ ಬಗೆಯ ಎಕ್ಸಿಟ್ ಕೋಡ್ ಕೊಟ್ಟಿತು. ಸ್ಟೇಟಸ್ ಕೇಳಿದಾಗ ಸೊನ್ನೆ ಬಂದರೆ ಓಡುತ್ತಿದೆ, 1 ಅಂದರೆ ಸತ್ತಿದೆ ಆದರೆ ಪಿಡ್ ಫೈಲ್ ಉಳಿದಿದೆ, 2 ಅಂದರೆ ಸತ್ತಿದೆ ಆದರೆ ಲಾಕ್ ಫೈಲ್ ಉಳಿದಿದೆ, 3 ಅಂದರೆ ಓಡುತ್ತಿಲ್ಲ. ಒಳ್ಳೆಯ ಒಪ್ಪಂದವೇ. ಆದರೆ ಕಂಪನಿಗಳ ಒಳಗೆ ಬರೆದ ಸ್ಕ್ರಿಪ್ಟ್‌ಗಳು ಇದನ್ನು ಪಾಲಿಸಿದ್ದು ಕಡಿಮೆ. ಪಕ್ಕದ ಸ್ಕ್ರಿಪ್ಟ್ ಕಾಪಿ ಮಾಡಿ ಹೆಸರು ಬದಲಿಸೋದೇ ರೂಢಿಯಾಗಿತ್ತು.

ಇದಕ್ಕಿಂತ ಆಳದ ಒಂದು ಕೊರತೆಯೂ ಇತ್ತು. ಈ ಪ್ರೋಸೆಸ್ ಯಾವ ಸರ್ವಿಸ್‌ಗೆ ಸೇರಿದ್ದು ಎಂದು ಖಚಿತವಾಗಿ ಹೇಳುವ ದಾರಿ ಶೆಲ್‌ಗೆ ಇರಲೇ ಇಲ್ಲ. ಪಿಡ್ ಫೈಲ್ ಒಂದು ನಂಬರ್ ಅಷ್ಟೇ. ಸರ್ವಿಸ್ ಸತ್ತು ಫೈಲ್ ಉಳಿದರೆ ಅದೇ ನಂಬರ್ ಮತ್ತೊಂದು ಪ್ರೋಸೆಸ್‌ಗೆ ಸಿಗಬಹುದು. ಆಗಿನ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಮಾಮೂಲಿ ಮಿತಿ 32,768, ದಾಟಿದ ಮೇಲೆ ಮತ್ತೆ ಕೆಳಗಿನಿಂದ ಎಣಿಕೆ. ಪಿಡ್ ಫೈಲ್ ಇಲ್ಲದಿದ್ದರೆ ಕಿಲ್‌ಪ್ರೋಕ್ ಪ್ರೋಗ್ರಾಮ್ ಹೆಸರಿನಿಂದ ಹುಡುಕುತ್ತಿತ್ತು. ಜಾವಾ ನಂಬಿದ ಊರಿನಲ್ಲಿ ಇದು ಎಂಥ ಅಪಾಯ ಯೋಚಿಸಿ. ಒಂದೇ ಮಷಿನ್‌ನಲ್ಲಿ ಐದು ಅಪ್ಲಿಕೇಶನ್ ಇದ್ದರೆ ಐದರ ಪ್ರೋಸೆಸ್ ಹೆಸರೂ ಜಾವಾ. ಒಂದನ್ನು ನಿಲ್ಲಿಸಲು ಹೋದರೆ ಐದೂ ಮಲಗುತ್ತಿದ್ದವು.

2008ರ ಜನವರಿಯ 2.6.24 ಕರ್ನಲ್‌ನಲ್ಲಿ ಸಿಗ್ರೂಪ್ ಬಂದ ಮೇಲೆ ಚಿತ್ರ ಬದಲಾಯಿತು. ಒಂದು ಸರ್ವಿಸ್‌ನ ಪ್ರೋಸೆಸ್, ಅದರ ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಕರ್ನಲ್ಲೇ ಒಂದು ಗುಂಪಿನಲ್ಲಿ ಇಟ್ಟುಕೊಳ್ಳಬಲ್ಲದು. 2010ರ ಏಪ್ರಿಲ್‌ನಲ್ಲಿ ಘೋಷಣೆಯಾದ ಸಿಸ್ಟಮ್‌ಡಿ ಇದನ್ನೇ ಬುನಾದಿ ಮಾಡಿಕೊಂಡಿತು. ಅದಕ್ಕೂ ಮೊದಲು ಸೋಲಾರಿಸ್ 10 ಮತ್ತು ಮ್ಯಾಕ್ 2005ರಲ್ಲೇ ಹಳೆಯ ದಾರಿ ಬಿಟ್ಟಿದ್ದವು. ಉಬುಂಟು 2006ರಲ್ಲಿ ಅಪ್‌ಸ್ಟಾರ್ಟ್ ಎಂಬ ಬೇರೆ ಬದಲಿ ತಂದಿತ್ತು. ಫೆಡೋರಾ 2011ರಲ್ಲಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ 2014ರಲ್ಲಿ, ಡೆಬಿಯನ್ ಮತ್ತು ಉಬುಂಟು 2015ರಲ್ಲಿ ಸಿಸ್ಟಮ್‌ಡಿಗೆ ಬಂದವು. ಡೆಬಿಯನ್‌ನಲ್ಲಿ ಸಮಿತಿಯ ಮತ ಸಮನಾಗಿ ಅಧ್ಯಕ್ಷರ ನಿರ್ಣಾಯಕ ಮತ ಬೇಕಾಯಿತು. ಒಪ್ಪದವರು ಬೇರೆಯಾಗಿ ಡೆವುವಾನ್ ಕಟ್ಟಿಕೊಂಡರು. ಆ ಜಗಳದ ವಿವರ ಇಲ್ಲಿ ಬೇಡ. ಶೆಲ್ ಒಳ್ಳೆಯದಾ ಕೆಟ್ಟದ್ದಾ ಎಂಬ ವಾದದಲ್ಲಿ ಪ್ರೋಸೆಸ್ ಗುರುತಿಸುವ ಅಸಲಿ ಪ್ರಶ್ನೆ ಎರಡೂ ಕಡೆ ಹಿಂದೆ ಬಿತ್ತು ಅನ್ನೋದು ಮಾತ್ರ ಹೇಳಲೇಬೇಕು.

ಸಿಸ್ಟಮ್‌ಡಿ ಬಂದ ದಿನವೇ ಹಳೆಯ ಸ್ಕ್ರಿಪ್ಟ್‌ಗಳು ಸಾಯಲಿಲ್ಲ. ಸಿಸ್‌ವಿ ಜನರೇಟರ್ ಎಂಬ ಸಣ್ಣ ಪ್ರೋಗ್ರಾಮ್ ಅವುಗಳ ಮೇಲಿನ ಕಾಮೆಂಟ್‌ಗಳನ್ನು ಓದಿ ತಾನೇ ಯೂನಿಟ್ ಹುಟ್ಟಿಸುತ್ತದೆ. ಫಂಕ್ಷನ್ಸ್ ಫೈಲ್ ಕೂಡ ಬದಲಾಗಿ, ಸ್ಕ್ರಿಪ್ಟನ್ನು ನೇರವಾಗಿ ಕರೆದರೂ ಕೆಲಸವನ್ನು ಸಿಸ್ಟಮ್‌ಡಿಯ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್‌ಗೆ ದಾಟಿಸುತ್ತದೆ. ಕಾನ್ಫಿಗ್‌ಟೆಸ್ಟ್‌ನಂಥ ಸ್ವಂತ ಉಪಕಮಾಂಡ್‌ಗಳಿಗೆ ಸರ್ವಿಸ್ ಕಮಾಂಡ್‌ನಲ್ಲಿ ಜಾಗ ಹೋಯಿತು. ಬೇಕೆಂದವರು ಲೆಗಸಿ-ಆಕ್ಷನ್ಸ್ ಎಂಬ ಡೈರೆಕ್ಟರಿಯಲ್ಲಿ ಬೇರೆ ಸ್ಕ್ರಿಪ್ಟ್ ಇಡಬೇಕಾಯಿತು. ಈ ಸೇತುವೆಯಿಂದಾಗಿ ಅನೇಕ ಟೀಮುಗಳು ಹತ್ತು ವರ್ಷ ಏನನ್ನೂ ಮುಟ್ಟದೆ ನಡೆಸಿಕೊಂಡು ಬಂದವು. ಈಗ ಬಂದಿರುವ ಅವಸರಕ್ಕೆ ಇದೇ ಮೂಲ.

ಜನರೇಟರ್ ಹುಟ್ಟಿಸಿದ ಯೂನಿಟ್‌ನಲ್ಲಿ ಎರಡು ವಿಷಯ ಕಣ್ಣಿಟ್ಟು ನೋಡಬೇಕು. ಒಂದು, ಸ್ಕ್ರಿಪ್ಟ್ ತಲೆಯಲ್ಲಿ ಪಿಡ್‌ಫೈಲ್ ಎಂಬ ಕಾಮೆಂಟ್ ಸಾಲು ಇದೆಯಾ ಅನ್ನೋದು. ಇದ್ದರೆ ಸಿಸ್ಟಮ್‌ಡಿ ಮುಖ್ಯ ಪ್ರೋಸೆಸ್ಸನ್ನು ಹಿಂಬಾಲಿಸುತ್ತದೆ. ಇಲ್ಲದಿದ್ದರೆ ಪ್ರೋಸೆಸ್ ಸತ್ತ ಮೇಲೂ ಸರ್ವಿಸ್ ಆಕ್ಟಿವ್ ಎಂದೇ ತೋರಿಸುತ್ತದೆ, ಪಕ್ಕದಲ್ಲಿ ಎಕ್ಸಿಟೆಡ್ ಎಂಬ ಪದ ಮಾತ್ರ ಇರುತ್ತದೆ. ಮಾನಿಟರಿಂಗ್ ಟೂಲ್ ಆಕ್ಟಿವ್ ಎಂಬಷ್ಟನ್ನೇ ಓದಿದರೆ ಹಳೆಯ ಹಸಿರು ಓಕೆಯ ಕಥೆಯೇ ಮತ್ತೆ.

ಎರಡನೆಯದು ಸಮಯ. ಜನರೇಟರ್ ಯೂನಿಟ್‌ಗೆ ಐದು ನಿಮಿಷದ ಗಡುವು ಹಾಕುತ್ತದೆ. ಕೈಯಾರೆ ಬರೆದ ಯೂನಿಟ್‌ನಲ್ಲಿ ಟೈಮ್‌ಔಟ್‌ಸ್ಟಾಪ್‌ಸೆಕ್ (ನಿಲ್ಲಲು ಕೊಡುವ ಗಡುವು) ಬರೆಯದಿದ್ದರೆ ಸಾಮಾನ್ಯವಾಗಿ ಸಿಗುವುದು 90 ಸೆಕೆಂಡ್. ಮೂರು ನಿಮಿಷ ಹಿಡಿದು ನಿಲ್ಲುವ ಡೇಟಾಬೇಸ್ ಹಳೆಯ ಸ್ಕ್ರಿಪ್ಟ್‌ನಲ್ಲಿ ಸುಮ್ನೆ ನಿಲ್ಲುತ್ತಿದ್ದದ್ದು, ಹೊಸ ಯೂನಿಟ್‌ನಲ್ಲಿ ಅರ್ಧ ದಾರಿಯಲ್ಲೇ ಕಿಲ್ ಆಗುತ್ತದೆ. ಹಾಗಾಗಿ ಹಳೆಯ ಸ್ಕ್ರಿಪ್ಟ್ ಅಳಿಸುವ ಮೊದಲು ಅದರ ಸ್ಟಾಪ್ ಭಾಗ ಎಷ್ಟು ಹೊತ್ತು ಕಾಯುತ್ತಿತ್ತು ಎಂದು ಓದಿ, ಆ ಸಂಖ್ಯೆಯನ್ನು ಹೊಸ ಯೂನಿಟ್‌ನಲ್ಲಿ ಬರೆಯಬೇಕು. ಆಮೇಲೆ ಟೆಸ್ಟ್ ಮಾಡುವಾಗ ಬರೀ ಸ್ಟಾಪ್ ಕೊಟ್ಟು ಬಿಡದೆ, ಲೋಡ್ ಇರುವಾಗಲೇ ಮಷಿನ್ ರೀಬೂಟ್ ಮಾಡಿ ಲಾಗ್ ನೋಡಬೇಕು.