ಓಸಿಟಿ: ಶಸ್ತ್ರಚಿಕಿತ್ಸೆಯ ಮುನ್ನ ಮತ್ತು ನಂತರ ಅಕ್ಷಿಪಟಲದ ಪರೀಕ್ಷೆ

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುಪೊರೆಯಾದ ಅಕ್ಷಿಪಟಲವನ್ನು, ಎಂದರೆ ರೆಟಿನಾವನ್ನು, ನಿಲುವಾಗಿ ಕತ್ತರಿಸಿ ಇಟ್ಟಂತೆ ಪದರಪದರವಾಗಿ ತೋರಿಸುವ ಪರೀಕ್ಷೆಗೆ ಓಸಿಟಿ ಎನ್ನುತ್ತಾರೆ. ಪೂರ್ಣ ಹೆಸರು ಆಪ್ಟಿಕಲ್ ಕೊಹೆರೆನ್ಸ್ ಟೋಮೋಗ್ರಫಿ. 1991ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಮತ್ತು ಅವರ ಸಹಯೋಗಿಗಳು ಈ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಎಕ್ಸ್-ರೇ ಇಲ್ಲ, ಉಪಕರಣ ಕಣ್ಣನ್ನು ಮುಟ್ಟುವುದೂ ಇಲ್ಲ. ಅವಕೆಂಪು ಬೆಳಕನ್ನು ಕಣ್ಣಿನೊಳಗೆ ಹಾಯಿಸಿ, ಬೇರೆಬೇರೆ ಆಳದ ಪದರಗಳಿಂದ ಮರಳುವ ಬೆಳಕನ್ನು ಇನ್ನೊಂದು ಆಧಾರಕಿರಣದೊಂದಿಗೆ ಬೆರೆಸಿ, ಯಂತ್ರವು ಪ್ರತಿ ಪದರದ ಸ್ಥಾನವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನ್‌ಗಳಲ್ಲಿ ಲೆಕ್ಕಹಾಕುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು ಮ್ಯಾಕ್ಯುಲರ್ ಹೋಲ್ ಎಂಬ ತೊಂದರೆಯಲ್ಲಿ. ಅಕ್ಷರ ಓದಲು, ಮುಖ ಗುರುತಿಸಲು ನೆರವಾಗುವ, ಅಕ್ಷಿಪಟಲದ ಕೇಂದ್ರಭಾಗವಾದ ಮ್ಯಾಕ್ಯುಲಾದ ನಟ್ಟನಡುವೆ ರಂಧ್ರ ಬಿದ್ದಾಗ, ಅದರ ಅತಿ ಕಿರಿದಾದ ಭಾಗದ ಅಗಲವನ್ನು ಓಸಿಟಿ ಚಿತ್ರದ ಮೇಲೆಯೇ ಅಳೆಯುತ್ತಾರೆ. 250 ಮೈಕ್ರಾನ್‌ವರೆಗಿನದು ಚಿಕ್ಕದು, 400 ದಾಟಿದ್ದು ದೊಡ್ಡದು ಎಂಬ ವಿಂಗಡಣೆ ಬಳಕೆಯಲ್ಲಿದ್ದು, ರಂಧ್ರ ದೊಡ್ಡದಾದಷ್ಟೂ ಮುಚ್ಚುವುದು ಕಷ್ಟ. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗಿನ ಲೋಳೆಯನ್ನು ತೆಗೆದು ಅನಿಲ ತುಂಬುತ್ತಾರೆ. ಅದು ಕರಗಿದ ಮೇಲೆ ತೆಗೆದ ಚಿತ್ರವು ರಂಧ್ರ ಮುಚ್ಚಿದೆಯೇ ಎಂಬುದನ್ನಷ್ಟೇ ಅಲ್ಲ, ಬೆಳಕು ಗ್ರಹಿಸುವ ಕೋಶಗಳ ಸಾಲು ಮತ್ತೆ ಕೂಡಿಕೊಂಡಿದೆಯೇ ಎಂಬುದನ್ನೂ ತೋರಿಸುತ್ತದೆ. ರಂಧ್ರ ಮುಚ್ಚಿಯೂ ದೃಷ್ಟಿ ನಿರೀಕ್ಷೆಯಷ್ಟು ಮರಳದಿದ್ದರೆ ಕಾರಣವನ್ನು ಮೊದಲು ಹುಡುಕುವುದು ಆ ಸಾಲಿನಲ್ಲಿ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನವೂ ಈ ಪರೀಕ್ಷೆಯನ್ನು ಸೂಚಿಸುವುದುಂಟು. ಮಸೂರ ಬದಲಿಸುವುದಕ್ಕೆ ಅಕ್ಷಿಪಟಲದ ಚಿತ್ರವೇಕೆ, ವೃಥಾ ಖರ್ಚಲ್ಲವೇ ಎಂದು ಕೇಳುವವರಿದ್ದಾರೆ; ಮಧುಮೇಹಿಗಳ ಮಟ್ಟಿಗಂತೂ ಅದು ವ್ಯರ್ಥವಲ್ಲ ಎಂಬುದು ನನ್ನ ಅಭಿಪ್ರಾಯ. ಮ್ಯಾಕ್ಯುಲಾದ ಊತವಾಗಲಿ, ಅದರ ಮೇಲೆ ಬೆಳೆದ ತೆಳುಪೊರೆಯಾಗಲಿ ಮಂಜಾದ ಮಸೂರದ ಹಿಂದೆ ವೈದ್ಯರ ಕಣ್ಣಿಗೆ ಬೀಳದೆ ಹೋಗಬಹುದು, ಆಗ ದೃಷ್ಟಿ ಸುಧಾರಿಸದಿದ್ದುದರ ದೂರು ಶಸ್ತ್ರಚಿಕಿತ್ಸೆಯ ಮೇಲೆ ಬರುತ್ತದೆ. ಇನ್ನು ಕೆಲವರಲ್ಲಿ ಎಲ್ಲವೂ ಸರಿಯಾಗಿ ನಡೆದು, ಕೆಲವು ವಾರಗಳ ನಂತರ ಮ್ಯಾಕ್ಯುಲಾದಲ್ಲಿ ಹೊಸದಾಗಿ ನೀರು ತುಂಬಿ ದೃಷ್ಟಿ ಮಸುಕಾಗುತ್ತದೆ. ಹಳೆಯ ಚಿತ್ರ ಕೈಯಲ್ಲಿದ್ದರೆ ಊತ ಮೊದಲೇ ಇತ್ತೋ, ಆಮೇಲೆ ಬಂತೋ ಎಂದು ತೀರ್ಮಾನಿಸುವುದು ಸುಲಭ.

ಮಸೂರವನ್ನು ಮಂಜಾಗಿಸಿದ ಪೊರೆ ತೀರಾ ದಟ್ಟವಾಗಿದ್ದರೆ ಬೆಳಕು ಒಳಹೋಗದ ಕಾರಣ ಓಸಿಟಿ ಸಾಧ್ಯವಾಗದು. ಆಗ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಆಶ್ರಯಿಸುತ್ತಾರೆ. ಅಲ್ಲದೆ ಅಕ್ಷಿಪಟಲದ ದಪ್ಪವನ್ನು ಯಾವ ಪದರದವರೆಗೆ ಅಳೆಯಬೇಕೆಂಬುದು ಎಲ್ಲ ತಯಾರಕರ ಯಂತ್ರಗಳಲ್ಲೂ ಒಂದೇ ಅಲ್ಲವಾದ್ದರಿಂದ, ಮುನ್ನಿನ ಮತ್ತು ನಂತರದ ಅಂಕಿಗಳನ್ನು ಸಾಧ್ಯವಾದಷ್ಟೂ ಒಂದೇ ಮಾದರಿಯ ಯಂತ್ರದಿಂದ ಪಡೆದು ಹೋಲಿಸಬೇಕಾಗುತ್ತದೆ.