ಸೂರ್ಯಗಡಿಯಾರದ ಗ್ರೀಕ್ ಅಂಕಿಗಳು: ಮೊದಲು ಆರನೆಯದನ್ನು ನೋಡಿ

ಗ್ರೀಸ್, ಇಟಲಿಯ ನೆಲದಲ್ಲಿ ಸಿಕ್ಕಿರುವ ಪ್ರಾಚೀನ ಸೂರ್ಯಗಡಿಯಾರಗಳಲ್ಲಿ ಹೆಚ್ಚಿನವಕ್ಕೆ ಅಂಕಿಯೇ ಇಲ್ಲ. ಕಲ್ಲಿನಲ್ಲಿ ಗೋಲಾಕಾರವಾಗಿಯೋ ಶಂಕುವಿನಾಕಾರವಾಗಿಯೋ ಕೊರೆದ ಕುಳಿ, ಮೇಲಂಚಿನಿಂದ ಚಾಚಿದ ಲೋಹದ ಮುಳ್ಳು, ಒಳಗೆ 11 ಗೆರೆ. ಹಗಲನ್ನು 12 ಪಾಲು ಮಾಡಲು ಅಷ್ಟು ಸಾಕು. ಮುಳ್ಳಿನ ತುದಿಯ ನೆರಳು ಎಷ್ಟು ಗೆರೆ ದಾಟಿತೆಂದು ಎಣಿಸಿದರೆ ಹೊತ್ತು ಗೊತ್ತಾಗುತ್ತಿತ್ತು. ಹಗಲು ಹಿಗ್ಗಿದಂತೆ ಗಂಟೆಯೂ ಹಿಗ್ಗುತ್ತಿತ್ತು: ಅಥೆನ್ಸಿನಲ್ಲಿ ಜೂನ್ ಕೊನೆಯ ಒಂದು ಗಂಟೆ ಈಗಿನ ಸುಮಾರು 74 ನಿಮಿಷ, ಡಿಸೆಂಬರ್ ಕೊನೆಯದು 48ನ್ನೂ ಮುಟ್ಟದು. ಅದಕ್ಕೇ ಈ ಗೆರೆಗಳಿಗೆ ಅಡ್ಡವಾಗಿ ಮೂರು ಬಾಗುಗೆರೆಗಳಿರುತ್ತವೆ. ಎರಡು ಆಯನ ಸಂಕ್ರಾಂತಿಗಳಿಗೆ (ಹಗಲು ಅತಿ ಉದ್ದವಾಗುವ, ಅತಿ ಚಿಕ್ಕದಾಗುವ ದಿನಗಳು), ನಡುವಿನದು ವಿಷುವಕ್ಕೆ (ಹಗಲಿರುಳು ಸಮವಾಗುವ ದಿನ). ಕೆಲವು ಗಡಿಯಾರಗಳಲ್ಲಿ ಅವುಗಳ ಪಕ್ಕ ಹೆಸರನ್ನೂ ಕೆತ್ತಿದ್ದಾರೆ.

ಗಂಟೆಗೆ ಗುರುತು ಹಾಕಿದ ಕಡೆ ಅಕ್ಷರಗಳೇ ಅಂಕಿ. ಆಲ್ಫಾ 1, ಬೀಟಾ 2, ಗಾಮಾ 3, ಡೆಲ್ಟಾ 4, ಎಪ್ಸಿಲಾನ್ 5. ಅಥೆನ್ಸಿನ ಇನ್ನೂ ಹಳೆಯ ಲೆಕ್ಕದಲ್ಲಿ ಡೆಲ್ಟಾ ಎಂದರೆ 10. ಆ ಕಾಲದ ಶಾಸನ ಓದಿ ಅಭ್ಯಾಸವಿದ್ದವರು ಇಲ್ಲಿ ಒಮ್ಮೆ ತಡವರಿಸುತ್ತಾರೆ. ಮೇಳಕರ್ತ ರಾಗಗಳ ಹೆಸರಿನ ಅಕ್ಷರಗಳಿಂದಲೇ ಅವುಗಳ ಕ್ರಮಸಂಖ್ಯೆ ತಿಳಿಸುವ ಕಟಪಯಾದಿ ಬಲ್ಲವರಿಗೆ ಅಕ್ಷರದಲ್ಲಿ ಸಂಖ್ಯೆ ಹುಡುಕುವುದು ಹೊಸದಲ್ಲ, ಆದರೆ ಒಂದು ವ್ಯತ್ಯಾಸವಿದೆ. ಗ್ರೀಕರಲ್ಲಿ ಸ್ಥಾನಬೆಲೆ ಇಲ್ಲ. ಅಯೋಟಾ 10, ಆಲ್ಫಾ 1. ಯಾವುದನ್ನು ಮುಂದಿಟ್ಟರೂ ಕೂಡಿ 11.

ಎಡವುವುದು ಆರರಲ್ಲಿ. 24 ಅಕ್ಷರಗಳ ವರ್ಣಮಾಲೆಯಲ್ಲಿ ಎಪ್ಸಿಲಾನ್ ಆದಮೇಲೆ ಝೀಟಾ ಬರುತ್ತದೆ, ಆದರೆ ಝೀಟಾದ ಬೆಲೆ 7. ಆರರ ಜಾಗ ಡಿಗಾಮಾದ್ದು. ವಕಾರದ ಉಚ್ಚಾರಕ್ಕಿದ್ದ ಈ ಅಕ್ಷರ ಬರವಣಿಗೆಯಿಂದ ಬಿದ್ದುಹೋದರೂ ಲೆಕ್ಕದಲ್ಲಿ ಉಳಿಯಿತು. ಅದರ ರೂಪ ಕಾಲಕಾಲಕ್ಕೆ ಬದಲಾಗಿ, ಮುಂದೆ ಸ್ಟಿಗ್ಮಾ ಎನಿಸಿಕೊಂಡಿತು. ಈಗಿನ ಗ್ರೀಕರು ಆರಕ್ಕೆ ಸಿಗ್ಮಾ, ಟೌ ಎರಡನ್ನೂ ಸೇರಿಸಿ ಬರೆಯುತ್ತಾರೆ. ವರ್ಣಮಾಲೆಯ ಪಟ್ಟಿ ಎದುರಿಗಿಟ್ಟುಕೊಂಡು ಹೊಸ ಗಡಿಯಾರ ಕೆತ್ತುವವರು ಆರಕ್ಕೆ ಝೀಟಾ ಹಾಕಿಬಿಟ್ಟರೆ ಅಲ್ಲಿಂದಾಚೆ ಎಲ್ಲವೂ ಒಂದೊಂದು ಮನೆ ಜಾರುತ್ತದೆ. ಹತ್ತಕ್ಕೆ ಕಪ್ಪಾ ಬರುತ್ತದೆ, ಅದರ ನಿಜವಾದ ಬೆಲೆ 20. ಹನ್ನೆರಡಕ್ಕೆ ಮ್ಯೂ, ಅಂದರೆ 40! ಹೋಮರನ ಮಹಾಕಾವ್ಯ ಇಲಿಯಡ್‌ನ 24 ಭಾಗಗಳಿಗೆ ಕ್ರಮವಾಗಿ 24 ಅಕ್ಷರ ಕೊಟ್ಟಿರುವುದರಿಂದ ಅಲ್ಲಿ ಝೀಟಾ ಆರನೆಯದೇ. ಗ್ರೀಕ್ ಓದಿದವರೂ ತಪ್ಪಲು ಇಷ್ಟು ಸಾಕು.

ಈ ತಪ್ಪು ಒಂದು ಹಳೆಯ ಚಮತ್ಕಾರವನ್ನೂ ಕೆಡಿಸುತ್ತದೆ. ಗ್ರೀಕ್ ಮುಕ್ತಕ ಸಂಕಲನದ ಒಂದು ಪದ್ಯದ ಪ್ರಕಾರ ದುಡಿಮೆಗೆ ಆರು ಗಂಟೆ ಸಾಕು. ಮುಂದಿನ ಗಂಟೆಗಳ ಅಕ್ಷರಗಳೇ ಸೇರಿ ‘ಬಾಳು’ ಎನ್ನುತ್ತವೆ. ಝೀಟಾ, ಈಟಾ, ಥೀಟಾ, ಅಯೋಟಾ: 7, 8, 9, 10. ಕೂಡಿಸಿ ಓದಿದರೆ ‘ಝೇಥಿ’, ಬಾಳು ಎಂಬ ಆಜ್ಞೆ. ಆರನೇ ಗಂಟೆ ಮುಗಿಯುವುದು ನಡುಹಗಲಿಗೆ, ಹಾಗಾಗಿ ಏಳನೆಯದು ಮಧ್ಯಾಹ್ನದ ಮೊದಲ ಗಂಟೆ. ಝೀಟಾ ಆರಕ್ಕೆ ಬಂದರೆ ದುಡಿಮೆಯ ಕೊನೆಯ ಗಂಟೆಯಲ್ಲೇ ಬಾಳಲು ಹೊರಡಬೇಕಾಗುತ್ತದೆ.

ಬರಹವಿದ್ದ ಮಾತ್ರಕ್ಕೆ ಗಂಟೆಯ ಲೆಕ್ಕವಿರಬೇಕೆಂದೇನೂ ಇಲ್ಲ. ಕ್ರಿ.ಪೂ. 10ರಲ್ಲಿ ಚಕ್ರವರ್ತಿ ಆಗಸ್ಟಸ್ ರೋಮಿನಲ್ಲಿ ಈಜಿಪ್ಟಿನ ಒಂದು ಶಿಲಾಸ್ತಂಭ ನಿಲ್ಲಿಸಿದ. ಅದರ ನಡುಹಗಲ ನೆರಳಿನ ಉದ್ದ ಅಳೆಯಲು ಕಲ್ಲುಹಾಸಿನಲ್ಲಿ ಕಂಚಿನ ಗೆರೆ ಹುದುಗಿಸಿದರು. ಮೂವತ್ತು ವರ್ಷಗಳಿಂದ ಅದರ ಲೆಕ್ಕ ತಾಳೆಯಾಗುತ್ತಿಲ್ಲವೆಂದು ರೋಮಿನ ಲೇಖಕ ಪ್ಲಿನಿ ಬರೆದ. ಭೂಕಂಪವೋ, ಸ್ತಂಭದ ಬುನಾದಿ ಕುಸಿದದ್ದೋ ಎಂದು ಅವನೇ ಕಾರಣಗಳನ್ನೂ ಊಹಿಸಿದ. 1979–80ರ ಸುಮಾರಿಗೆ ಜರ್ಮನ್ ಪುರಾತತ್ವಜ್ಞ ಎಡ್ಮಂಡ್ ಬುಖ್ನರ್ ಒಂದು ಮನೆಯ ನೆಲಮಾಳಿಗೆಯ ಕೆಳಗೆ ಅಗೆಸಿದಾಗ ಆ ಗೆರೆಯ ತುಂಡು ಸಿಕ್ಕಿತು. ಒಂದು ಪಕ್ಕ ಸಿಂಹ, ಕನ್ಯಾ, ಇನ್ನೊಂದು ಪಕ್ಕ ಮೇಷ, ವೃಷಭ. ಎಲ್ಲವೂ ಗ್ರೀಕ್‌ನಲ್ಲಿ, ಕಂಚಿನ ಅಕ್ಷರಗಳಲ್ಲಿ. ಜತೆಗೆ ‘ಬೇಸಿಗೆಯ ಆರಂಭ’, ‘ಎಟೀಸಿಯನ್ ಗಾಳಿ ನಿಲ್ಲುತ್ತದೆ’ ಎಂಬ ಬರಹ. ಆ ಗಾಳಿ ಬೀಸುವುದು ಈಜಿಯನ್ ಸಮುದ್ರದಲ್ಲಿ. ಖಗೋಳಶಾಸ್ತ್ರ ಗ್ರೀಕರಿಂದ ಬಂದಾಗ ಅವರ ಪಂಚಾಂಗವೂ ಜತೆಗೇ ಬಂದಿತ್ತು. ಸಿಕ್ಕಿದ ಹಾಸು ಆಗಸ್ಟಸನ ಕಾಲದ ನೆಲಮಟ್ಟಕ್ಕಿಂತ ಮೇಲಿದೆ. ಅದನ್ನು ಮುಂದಿನ ಚಕ್ರವರ್ತಿಗಳಲ್ಲೊಬ್ಬನಾದ ಡೊಮಿಷಿಯನ್ ಕಾಲದಲ್ಲಿ ಮತ್ತೆ ಹಾಸಿರಬೇಕೆಂದು ಬುಖ್ನರ್ ತೀರ್ಮಾನಿಸಿದ.